ಮೂವತ್ತೇಳು ಹಸಿದ ಕೌದಿಗಳು

ಗೌರಕ್ಕನ ಮನೆಗೆ ಹೋದವರು ಮೊದಲು ಕಲಿಯಬೇಕಾದದ್ದು ಗೋಡೆ ಹಿಡಿದು ನಡೆಯುವುದನ್ನು. ಪುಣೆಯ ನಿಗಡಿಯಲ್ಲಿ ಎರಡು ಕೋಣೆಯ ಮನೆ. ಹೊರಗಿನ ಕೋಣೆಯ ನೆಲದ ತುಂಬ ಸದಾ ಒಂದು ಕೌದಿ ಹಾಸಿರುತ್ತಿತ್ತು. ಅದರ ಸುತ್ತ ಇಬ್ಬರೋ ಮೂವರೋ ಹೆಂಗಸರು ಕಾಲು ಮಡಚಿ ಕೂತು ಹೊಲಿಯುತ್ತಿದ್ದರು. ಒಳಗೆ ಹೋಗಿ ನೀರು ಕುಡಿಯಬೇಕೆಂದರೆ ಗೋಡೆಗೆ ಬೆನ್ನು ಹಚ್ಚಿ ಒಂದೊಂದೇ ಹೆಜ್ಜೆ ಸರಿಯಬೇಕು. ಮರೆತು ಕೌದಿ ತುಳಿದರೆ ಗೌರಕ್ಕ ಸೂಜಿಯಿಂದ ಕಣ್ಣೆತ್ತದೆಯೇ ಬೈಯುತ್ತಿದ್ದಳು. ಆಕೆಯ ಗಂಡ ಹೊಳಬಸಪ್ಪನವರಿಗೆ ಈ ನಡಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬಯಲಿಗೆ ಬಿಟ್ಟರೂ ಗೋಡೆ ಹುಡುಕುತ್ತಾರೆ ಎಂದು ನಾವು ನಗುತ್ತಿದ್ದೆವು.

ನಾನು ಶೈಲಾ. ಅವರ ಮೇಲಿನ ಮನೆಯವಳು, ಆಕುರ್ಡಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಈ ಕತೆಯಲ್ಲಿ ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದವಳು ನಾನೇ. ಅದನ್ನು ಕೊನೆಯತನಕ ಬಚ್ಚಿಟ್ಟುಕೊಂಡು ಹೇಳುವ ಜಾಣತನ ನನಗೆ ಬೇಡ.

ಗೌರಕ್ಕ, ಅಂದರೆ ಗೌರಾಬಾಯಿ, ಬಾಗಲಕೋಟೆ ಕಡೆಯವಳು. ತೊಂಬತ್ತೊಂದರಲ್ಲಿ ಮದುವೆಯಾಗಿ ಪುಣೆಗೆ ಬಂದಳು. ಹೊಳಬಸಪ್ಪನವರು ಭೋಸರಿಯ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ತೊಂಬತ್ತೆಂಟರಲ್ಲಿ ಒಂದು ದಿನ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋದವರು ಒಂಬತ್ತು ಗಂಟೆಗೆಲ್ಲ ಅದೇ ಡಬ್ಬಿ ಹಿಡಿದು ತಿರುಗಿ ಬಂದರು. ಗೇಟಿಗೆ ಕೀಲಿ ಬಿದ್ದಿತ್ತು. ಗೌರಕ್ಕ ಅಳಲಿಲ್ಲ, ಹರಕೆ ಹೊರಲಿಲ್ಲ. ಡಬ್ಬಿ ಬಿಚ್ಚಿ ಗಂಡನಿಗೆ ಊಟಕ್ಕೆ ಹಾಕಿ, ಪೆಟ್ಟಿಗೆಯಿಂದ ತನ್ನ ಹಳೆಯ ನೂಲಿನ ಸೀರೆಗಳನ್ನು ತೆಗೆದು ನೆಲಕ್ಕೆ ಹಾಸಿ, ಪದರದ ಮೇಲೆ ಪದರ ಕೂಡಿಸಿ ಅಂಚಿನಿಂದ ಹೊಲಿಯಲು ಕೂತಳು. ಅವ್ವನಿಂದ ಕಲಿತ ವಿದ್ಯೆ ಅದೊಂದೇ ಅವಳ ಕೈಯಲ್ಲಿದ್ದದ್ದು.

ಮರಾಠಿ ಮನೆಗಳಲ್ಲೂ ಕೌದಿ ಉಂಟು, ಅವರು ಗೋಧಡಿ ಎನ್ನುತ್ತಾರೆ. ಅಜ್ಜಿ ಹೊಲಿದದ್ದು ಹರಿದುಹೋಗಿ, ತಮಗೆ ಹೊಲಿಯಲು ಬಾರದ ಹೆಂಗಸರು ಪುಣೆಯ ತುಂಬ ಇದ್ದರು. ಅವರು ಒಬ್ಬೊಬ್ಬರಾಗಿ ಬಂದರು. ನಾಲ್ಕೈದು ವರ್ಷದಲ್ಲಿ ಗೌರಕ್ಕನ ಜೊತೆ ಇನ್ನೂ ನಾಲ್ವರು ಹೊಲಿಯಲು ಕೂತರು. ಅವರಲ್ಲಿ ಹಿರಿಯಳು ಗಂಗೂಬಾಯಿ, ಅರವತ್ತು ದಾಟಿದವಳು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು. ಹಳೆಯ ಬಟ್ಟೆ ಜುನಾ ಬಾಜಾರದಿಂದ ಬರುತ್ತಿತ್ತು. ಎರಡು ಸಲ ಕುದಿಸಿ, ಬಿಸಿಲಿಗೆ ಒಣಗಿಸಿದ ಮೇಲೆಯೇ ಅದು ನೆಲಕ್ಕಿಳಿಯುತ್ತಿತ್ತು.

ಅಲ್ಲಿ ಎರಡು ಕಾಯಿದೆಗಳಿದ್ದವು. ಒಂದು, ಹೊಲಿಗೆಯ ಸಾಲಿಗೂ ಸಾಲಿಗೂ ನಡುವೆ ಕಿರುಬೆರಳಿನ ಅಗಲಕ್ಕಿಂತ ಹೆಚ್ಚು ಇರಬಾರದು. ದೂರ ಬಿಟ್ಟರೆ ಮೂರನೆಯ ಒಗೆತಕ್ಕೆ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ. ಹಾಗಾಗಿ ಒಂದು ದೊಡ್ಡ ಕೌದಿ ಒಬ್ಬ ಹೆಣ್ಣುಮಗಳ ಹನ್ನೆರಡು ದಿನ ತಿನ್ನುತ್ತಿತ್ತು. ಎರಡನೆಯದು, ಕೌದಿ ಹಸಿದು ಮನೆ ಬಿಡಬಾರದು. ಎಲ್ಲ ಹೊಲಿದು ಒಂದು ಮೂಲೆಯನ್ನು ನಾಲ್ಕು ಬೆರಳಿನಷ್ಟು ಹಾಗೇ ಬಿಡುತ್ತಿದ್ದರು. ಅದು ಮಾರಾಟವಾಗಿ ಹೊರಡುವ ದಿನ, ಕೊಳ್ಳುವವರ ಹೆಸರು ಹೇಳಿ, ಒಣರೊಟ್ಟಿಯ ಒಂದು ಚೂರು ಒಳಗಿಟ್ಟು ಮೂಲೆ ಮುಚ್ಚುತ್ತಿದ್ದರು. ಅದಕ್ಕೆ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು. ಹೊಟ್ಟೆ ತುಂಬಿದ ಕೌದಿ ಹೊದ್ದವರಿಗೆ ಹಸಿವಿನ ಕನಸು ಬೀಳುವುದಿಲ್ಲವಂತೆ.

ಬೆಲೆಯೂ ಒಂದೇ. ಒಂಬೈನೂರು ರೂಪಾಯಿ. ಯಾರಾದರೂ "ಸ್ವಲ್ಪ ಹೆಚ್ಚುಕಡಿಮೆ ಮಾಡ್ರಿ" ಎಂದರೆ ಗೌರಕ್ಕ, "ಎಷ್ಟು ಹೆಚ್ಚು ಮಾಡ್ಲಿ ಹೇಳ್ರಿ" ಎನ್ನುತ್ತಿದ್ದಳು. ಹಾಗೆ ಎದ್ದು ಹೋದವರೂ ಇದ್ದಾರೆ. ಅವರ ಬೆನ್ನ ಹಿಂದೆ ಅವಳು ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ.

ಎರಡು ಸಾವಿರದ ಆರರಲ್ಲಿ ಇಂಟರ್‌ನೆಟ್ಟಿನ ಹುಚ್ಚು ನನಗೆ ಹತ್ತಿತು. ಯಾರು ಬೇಕಾದರೂ ತಮ್ಮ ಸಾಮಾನು ಮಾರಬಹುದಾದ ಒಂದು ಜಾಲತಾಣ ಆಗ ಹೆಸರು ಮಾಡಿತ್ತು. ಓಣಿಯ ತುದಿಯ ಸೈಬರ್ ಕೆಫೆಯಲ್ಲಿ ಕೂತು ಗೌರಕ್ಕನ ಹೆಸರಿನಲ್ಲಿ ಅಂಗಡಿ ತೆರೆದೆ. ಫೋಟೋ ನಾನೇ ತೆಗೆದೆ, ಇಂಗ್ಲಿಷು ನಾನೇ ಬರೆದೆ. ಹೊಳಬಸಪ್ಪನವರು ಸ್ಟೀಲಿನ ಪಟ್ಟಿ ಇಟ್ಟು ಅಳೆದು, ಲೇತ್ ಮುಂದೆ ನಿಂತಷ್ಟೇ ಗಂಭೀರವಾಗಿ ಪಾರ್ಸೆಲ್ ಕಟ್ಟುತ್ತಿದ್ದರು. ತಿಂಗಳಿಗೆ ಎರಡು ಮೂರು ಕೌದಿ ಮುಂಬಯಿಗೆ, ನಾಸಿಕಕ್ಕೆ ಹೋಗತೊಡಗಿದವು. ನನಗೆ ಹೆಮ್ಮೆಯೋ ಹೆಮ್ಮೆ.

ಗೌರಕ್ಕನಿಗಿದ್ದ ಆಸೆ ಒಂದೇ ಒಂದು. ಹೊಲಿಯಲು ಒಂದು ಬೇರೆ ಕೋಲಿ ಬಾಡಿಗೆಗೆ ಹಿಡಿಯಬೇಕು, ಮನೆಯಲ್ಲಿ ಮನುಷ್ಯರು ನಡುನೆಲದಲ್ಲಿ ನಡೆಯಬೇಕು. ಅದಕ್ಕೆ ಡಿಪಾಜಿಟ್ ಕಟ್ಟಬೇಕಿತ್ತು. ಆ ಹಣವನ್ನು ಅವಳು ಬ್ಯಾಂಕಿನಲ್ಲಿ ಇಡಲಿಲ್ಲ, ಕೌದಿಯಲ್ಲಿ ಇಟ್ಟಳು. ಎರಡು ಸಾವಿರದ ಏಳರ ಮಳೆಗಾಲವಿಡೀ ಹೊಲಿದು, ಹೆಂಗಸರಿಗೆ ಕೂಲಿ ಕೊಟ್ಟು, ಚಳಿಗಾಲದ ಮಾರಾಟಕ್ಕೆಂದು ಮೂವತ್ತೊಂದು ಕೌದಿ ಅಟ್ಟದ ಮೇಲೆ ಪೇರಿಸಿದಳು. ಅವು ಮಾರಿದರೆ ಕೋಲಿ ಸಿಕ್ಕಂತೆ.

ದೀಪಾವಳಿಗೆ ಹತ್ತು ದಿನ ಇರುವಾಗ ಜಾಲತಾಣದಿಂದ ನನಗೆ ಮೇಲ್ ಬಂತು. ಹಬ್ಬದ ಧಮಾಕಾ, ನಾಲ್ಕು ದಿನ ಅರ್ಧ ಬೆಲೆ, ಸೇರಿದವರ ಸಾಮಾನು ಮೊದಲ ಪುಟದಲ್ಲಿ. ಕೆಳಗೆ ಒಪ್ಪಿಗೆಯ ಗುಂಡಿ. ಅರ್ಧ ಬೆಲೆ ಎಂದರೆ ಉಳಿದರ್ಧವನ್ನು ಜಾಲತಾಣದವರು ಕೊಡುತ್ತಾರೆ ಎಂದುಕೊಂಡೆ ನಾನು! ಸೇಲ್ ಮಾಡುವವರು ಅವರು, ಜಾಹೀರಾತು ಅವರದು, ಅಂದಮೇಲೆ ರಿಯಾಯಿತಿಯೂ ಅವರ ಕಿಸೆಯಿಂದಲೇ ತಾನೇ? ಪದವಿ ಪಡೆದು, ಕಚೇರಿಯಲ್ಲಿ ಹತ್ತು ವರ್ಷ ಕಾಗದ ಓದಿದ ನನ್ನ ತಲೆಗೆ ಹೊಳೆದದ್ದು ಇಷ್ಟು. ಗೌರಕ್ಕನನ್ನು ಕೇಳದೆ ಗುಂಡಿ ಒತ್ತಿದೆ. ಅವಳಿಗೆ ಖುಷಿಯ ಸುದ್ದಿಯನ್ನೇ ಹೇಳೋಣ ಎಂದುಕೊಂಡಿದ್ದೆ.

ನಾಲ್ಕು ದಿನದಲ್ಲಿ ಮೂವತ್ತೇಳು ಕೌದಿ ಹೋದವು. ಐದನೆಯ ದಿನ ಹಣದ ಲೆಕ್ಕ ಬಂತು. ಕೌದಿಗೆ ನಾಲ್ಕುನೂರಾ ಐವತ್ತು, ಅದರಲ್ಲೂ ಅವರ ಕಮಿಷನ್ ಮುರಿದು. ಹೆಂಗಸರ ಕೂಲಿಗೂ ಸಾಲದ ಹಣ.

ಗೋಡೆ ಹಿಡಿದು ಒಳಗೆ ಹೋಗಿ, ಗೌರಕ್ಕನ ಮುಂದೆ ನಿಂತು ಎಲ್ಲ ಹೇಳಿದೆ. ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ನನ್ನ ಮುಖ ನೋಡಿದಳು.

"ಅಂದ್ರ ಕೋಲಿ ಹೋತು," ಎಂದಳು.

"ಆರ್ಡರ್ ರದ್ದು ಮಾಡೋಣ ಗೌರಕ್ಕ. ಅವರು ಅಂಗಡಿಗೆ ಕಪ್ಪು ಗುರುತು ಹಾಕ್ತಾರ, ಹಾಕ್ಲಿ. ತಪ್ಪು ನಂದು."

"ರೊಕ್ಕ ಕೊಟ್ಟವರು ಏನ ತಪ್ಪ ಮಾಡ್ಯಾರ? ನನ್ನ ಹೆಸರ ಮ್ಯಾಲ ಮಾತು ಕೊಟ್ಟೀದಿ ನೀ. ಮೂವತ್ತೇಳೂ ಕೊಡತೀನಿ." ಚುಚ್ಚಿಟ್ಟ ಸೂಜಿ ಮತ್ತೆ ಕೈಗೆತ್ತಿಕೊಂಡಳು. ಆಮೇಲೆ, "ಆದ್ರ ಹೊಟ್ಟಿ ತುಂಬಸಂಗಿಲ್ಲ. ಹಸಿದು ಹೋಗ್ಲಿ," ಎಂದಳು.

ಗಂಗೂಬಾಯಿಯ ಕೈ ನಿಂತಿತು. "ಹಂಗ ಮಾಡಬಾರದವ್ವಾ. ಹಸ್ತದ್ದನ್ನ ಹೊಸ್ತಿಲ ದಾಟಸಬಾರದು. ಪಾಪ ಬರತದ."

"ಪಾಪ ಯಾರಿಗಿ ಬರತದ? ಈ ತಿಂಗಳ ನಿನ್ನ ಕೂಲಿ ನಾ ಅರ್ಧ ಕೊಟ್ರ ನೀ ಏನ ತಿಂತೀ? ನಿನ್ನ ಅರ್ಧ ಹೊಟ್ಟಿ ಹಸಿದಿರತದ, ಕೌದಿ ಹೊಟ್ಟಿ ಅಷ್ಟ ತುಂಬಿರಬೇಕೇನು? ಕೂಲಿ ನಾ ಪೂರಾ ಕೊಡತೀನಿ, ಅದು ಬ್ಯಾರೆ ಮಾತು. ಆದ್ರ ಕೊಂಡವರಿಗೆ ತಿಳೀಬೇಕು."

ಗಂಗೂಬಾಯಿ ಮತ್ತೆ ಹೊಲಿಗೆಗೆ ಬಗ್ಗಿದಳು. ಆದರೆ ಅಂದಿನಿಂದ ಅವಳು ಗೌರಕ್ಕನ ಚಹ ಕುಡಿಯುವುದನ್ನು ಬಿಟ್ಟಳು.

ಮೂವತ್ತೊಂದು ಸಿದ್ಧವಿದ್ದವು, ಆರು ಹೊಸದಾಗಿ ಹೊಲಿಯಬೇಕಿತ್ತು. ಐವರೂ ಹದಿನೈದು ದಿನ ಬಗ್ಗಿಸಿದ ಬೆನ್ನು ಎತ್ತಲಿಲ್ಲ. ನಾನು ನೆರವಿಗೆ ಬರುತ್ತೇನೆ ಎಂದಾಗ ಗೌರಕ್ಕ ನನ್ನನ್ನು ಬೇರೊಂದು ಕೌದಿಯ ಮುಂದೆ ಕೂರಿಸಿದಳು. ರಜೆ ಹಾಕಿ ಹೊಲಿದೆ. ನನ್ನ ಸಾಲು ಸೊಟ್ಟ ಹೋದಾಗ ಅವಳು ಸಿಟ್ಟಾಗದೆ ಸರ್ರನೆ ದಾರ ಎಳೆದು ಬಿಚ್ಚುತ್ತಿದ್ದಳು. ಮೂರು ಸಲ ಬಿಚ್ಚಿದಳು. ನಾಲ್ಕನೆಯ ದಿನಕ್ಕೆ ನನ್ನ ಹೆಬ್ಬೆರಳಿನ ತುದಿ ಜಾಲರಿಯಂತಾಗಿತ್ತು. ಅರ್ಧ ಬೆಲೆ ಎಂದರೆ ಏನು ಎಂದು ನನಗೆ ತಿಳಿದದ್ದು ಆಗ, ಆ ಬೆರಳಿನಿಂದ. ಕೌದಿ ಮುಗಿದಾಗ ಅವಳು ತಿರುಗಿಸಿ ನೋಡಿ ಅಂದಳು:

"ಇದನ್ನ ಯಾರಿಗೂ ಕೊಡಾಕ ಬರಂಗಿಲ್ಲ. ನೀನ ತಗೋ. ಒಂಬೈನೂರು."

ಕೊಟ್ಟೆ. ಇವತ್ತಿಗೂ ಅದನ್ನೇ ಹೊದೆಯುತ್ತೇನೆ. ಮೂಲೆ ಮಾತ್ರ ಅವಳೇ ರೊಟ್ಟಿ ಇಟ್ಟು ಮುಚ್ಚಿದಳು.

ಪ್ರತಿ ಪಾರ್ಸೆಲ್ಲಿನಲ್ಲಿ ಒಂದು ಸೂಜಿ, ಒಂದು ಎಳೆ ದಾರ, ಒಂದು ಚೀಟಿ ಹೋಯಿತು. ಗೌರಕ್ಕ ಹೇಳಿದ್ದನ್ನು ನಾನು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಚೀಟಿಯಲ್ಲಿ ಇದ್ದದ್ದು ಇಷ್ಟೇ:

"ಈ ಕೌದಿಯ ಹೊಲಿಗೆಯಲ್ಲಿ ಮೋಸವಿಲ್ಲ, ಒಗೆದು ನೋಡಿರಿ. ಇದು ಒಬ್ಬ ಹೆಣ್ಣುಮಗಳ ಹನ್ನೆರಡು ದಿನದ ಕೆಲಸ. ನೀವು ಕೊಟ್ಟದ್ದು ಆರು ದಿನದ ಬೆಲೆ. ನಮ್ಮಲ್ಲಿ ಒಂದು ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿದು ಕಳಿಸುವ ಪದ್ಧತಿ. ಈ ಸಲ ಇಟ್ಟಿಲ್ಲ. ಕೌದಿ ಹಸಿದಿದೆ. ನಿಮ್ಮ ಮನೆಯ ಅನ್ನದಿಂದ ಅದರ ಹೊಟ್ಟೆ ತುಂಬಿಸಿ, ಮೂಲೆ ಹೊಲಿದುಕೊಳ್ಳಿರಿ. ಹೊಲಿಯಲು ಬಾರದಿದ್ದರೆ ನಮ್ಮಲ್ಲಿಗೆ ಬನ್ನಿರಿ, ಕಲಿಸುತ್ತೇನೆ." ಕೆಳಗೆ ಗೌರಾಬಾಯಿ ಎಂದು ಹೆಸರು, ನಿಗಡಿಯ ವಿಳಾಸ.

ಆಮೇಲೆ ಕಾದೆವು. ಜಾಲತಾಣದಲ್ಲಿ ಕೊಂಡವರು ಮಾಲಿಗೆ ಚುಕ್ಕಿ ಕೊಟ್ಟು ಅಭಿಪ್ರಾಯ ಬರೆಯುವ ಪದ್ಧತಿ ಇತ್ತು, ಅಲ್ಲಿ ನಮ್ಮ ಮರ್ಯಾದೆ ಹರಾಜಾಯಿತು. "ಮೂಲೆ ಹರಿದ ಮಾಲು" ಎಂದರು. "ಅಗ್ಗಕ್ಕೆ ಮಾರಿ ಭಿಕ್ಷೆ ಬೇಡುತ್ತಾರೆ" ಎಂದು ಒಬ್ಬರು ಬರೆದರು. ಅದನ್ನು ಓದಿ ನನಗೆ ಅಳು ಬಂತು. ಗೌರಕ್ಕ ಕೇಳಿಸಿಕೊಂಡು, "ಒಗದಾಗ ಮುದ್ದಿ ಆತು ಅಂತ ಯಾರರ ಬರದಾರೇನು?" ಎಂದಳು. ಯಾರೂ ಬರೆದಿರಲಿಲ್ಲ. "ಮತ್ತ ಯಾಕ ಅಳತೀ?" ಎಂದು ಹೊಲಿಗೆಗೆ ಬಗ್ಗಿದಳು.

ಡಿಸೆಂಬರ್ ಕಳೆಯಿತು. ಸೇಲಿನಲ್ಲಿ ಬಂದ ಗಿರಾಕಿಗಳು ಮುಂದೆ ಪೂರ್ತಿ ಬೆಲೆಗೂ ಬರುತ್ತಾರೆ ಎಂದು ಮೇಲ್‌ನಲ್ಲಿ ಬರೆದಿದ್ದರು. ಚಳಿ ಏರಿದ ಆ ಎರಡು ತಿಂಗಳಲ್ಲಿ ಜಾಲತಾಣದಿಂದ ಒಂದೇ ಒಂದು ಆರ್ಡರ್ ಬರಲಿಲ್ಲ. ಹನ್ನೊಂದು ಜನ ವಿಚಾರಿಸಿದ್ದರು, ಹನ್ನೊಂದು ಜನರದೂ ಒಂದೇ ಪ್ರಶ್ನೆ: ಮುಂದಿನ ಸೇಲ್ ಯಾವಾಗ?

ಜನವರಿಯ ಮೊದಲ ವಾರ ಸ್ವಪ್ನಿಲ್ ಬಂದ. ಸಣ್ಣ ಮಾರಾಟಗಾರರನ್ನು ನೋಡಿಕೊಳ್ಳಲು ಜಾಲತಾಣದವರು ಪುಣೆಯಲ್ಲಿ ಇಟ್ಟಿದ್ದ ಮನುಷ್ಯ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು, ಇಸ್ತ್ರಿ ಅಂಗಿ, ಮಾತಿನಲ್ಲಿ ನಯ. ಚಪ್ಪಲಿ ಹೊರಗೆ ಬಿಟ್ಟು ಬಂದವನು ನೇರ ಕೌದಿಯ ನಡುವೆ ಕಾಲಿಟ್ಟ. ಗೌರಕ್ಕ ಬೈದ ಬೈಗುಳಕ್ಕೆ ಹಾರಿ ಗೋಡೆಗೆ ಅಂಟಿಕೊಂಡ, ಕೊನೆಯತನಕ ಅಲ್ಲೇ ನಿಂತ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಗೌರಕ್ಕನ ಮರಾಠಿಯೂ ಬಾಗಲಕೋಟೆಯ ಧಾಟಿಯದೇ ಆದ್ದರಿಂದ ಹಾಗೇ ಬರೆಯುತ್ತೇನೆ.

ಅವನು ಅಂದದ್ದು: ಪಾರ್ಸೆಲ್ಲಿನಲ್ಲಿ ವಿಳಾಸ ಇಡುವುದು ನಿಯಮಕ್ಕೆ ವಿರುದ್ಧ, ಅಂಗಡಿ ಮುಚ್ಚಬೇಕಾಗುತ್ತದೆ. ಆದರೆ ಸಂಕ್ರಾಂತಿಯ ಸೇಲಿಗೆ ಸೇರಿದರೆ, ಮೂಲೆ ಹೊಲಿದು ಕಳಿಸಿದರೆ, ತಾನು ಮೇಲಿನವರಿಗೆ ಹೇಳಿ ಸರಿಮಾಡುತ್ತೇನೆ. "ಮಾವಶಿ, ಲಾಭ ನಿಮಗೇ. ನಾಲ್ಕು ದಿನದಲ್ಲಿ ಮೂವತ್ತೇಳು ಹೋದವಲ್ಲ! ಬೆಡ್‌ಶೀಟ್ ಮಾರುವವರನ್ನು ನೋಡಿ, ಸೇಲಿನಲ್ಲೇ ಬದುಕುತ್ತಾರೆ. ಹೆಚ್ಚು ಮಾರಿದಷ್ಟು ಮಾಲು ಅಗ್ಗ ಬೀಳುತ್ತದೆ."

"ಅವರದು ಮಶೀನು," ಎಂದಳು ಗೌರಕ್ಕ. "ಮಶೀನಿಗೆ ಹೆಚ್ಚು ಮಾಡಿದ್ರ ಅಗ್ಗ ಬೀಳತದ. ಕೈಗೆ ಹೆಚ್ಚು ಮಾಡಿದ್ರ ಬೆರಳು ನೋಯತಾವ. ಮೊದಲನೇ ಕೌದಿಗೂ ಹನ್ನೆರಡ ದಿನ, ಮೂವತ್ತೇಳನೇದಕ್ಕೂ ಹನ್ನೆರಡ ದಿನ. ಅಗ್ಗ ಎಲ್ಲಿಂದ ತರಲಿ?"

ಸ್ವಪ್ನಿಲ್ ನೆಲದ ಕೌದಿಯತ್ತ ನೋಡಿದ. "ಹೊಲಿಗೆ ಸ್ವಲ್ಪ ದೂರದೂರ ಹಾಕಿ ಮಾವಶಿ. ಎರಡು ಬೆರಳು ಬಿಡಿ. ಆರು ದಿನದಲ್ಲಿ ಮುಗಿಯುತ್ತದೆ. ಫೋಟೋದಲ್ಲಿ ಯಾರಿಗೆ ಕಾಣುತ್ತದೆ?"

ಒಳಗಿನ ಕೋಣೆಯ ಬಾಗಿಲಲ್ಲಿ ಹೊಳಬಸಪ್ಪನವರು ನಿಂತಿದ್ದರು. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅವತ್ತು ಆಡಿದರು.

"ಭೋಸರಿಯಾಗೂ ಹಿಂಗ ಅಂದ್ರು ತಮ್ಮಾ. ಮೊದಲ ರೇಟ್ ಇಳಿಸಿದ್ರು. ಆಮ್ಯಾಲ ಮಾಲ್ ಇಳಿಸಿದ್ರು. ಆಮ್ಯಾಲ ಗೇಟಿಗಿ ಕೀಲಿ ಹಾಕಿದ್ರು."

ಗಂಗೂಬಾಯಿ ತಲೆ ಎತ್ತಿ ಸ್ವಪ್ನಿಲ್‌ನನ್ನು ಮೇಲಿಂದ ಕೆಳಗೆ ನೋಡಿ, "ಎರಡ ಬೆರಳಂತ," ಎಂದು ಗೊಣಗಿ ಮತ್ತೆ ಹೊಲಿಯತೊಡಗಿದಳು. ಆ ಸಂಜೆ ಅವಳು ಗೌರಕ್ಕನ ಚಹ ಕುಡಿದಳು.

"ಅಂಗಡಿ ಮುಚ್ಚಿಕೋರಿ," ಎಂದಳು ಗೌರಕ್ಕ. "ನಿಮ್ಮ ಅಂಗಡಿ ನೀವು ಮುಚ್ಚಬಹುದು. ನನ್ನ ಕೈ ಮುಚ್ಚಾಕ ಆಗಂಗಿಲ್ಲ."

ಸ್ವಪ್ನಿಲ್ ಕೆಟ್ಟವನೇನಲ್ಲ. ಹೋಗುವಾಗ ಗೋಡೆ ಹಿಡಿದೇ ಹೋದ, ಬಾಗಿಲಲ್ಲಿ ನಿಂತು ನಮಸ್ಕಾರ ಮಾಡಿದ. ವಾರದಲ್ಲಿ ಅಂಗಡಿ ಮುಚ್ಚಿತು. ಸೈಬರ್ ಕೆಫೆಯಲ್ಲಿ ನಾನು ಗೌರಕ್ಕನ ಹೆಸರು ಒತ್ತಿದರೆ, ಅಂಥ ಮಾರಾಟಗಾರರಿಲ್ಲ ಎಂದು ಬರುತ್ತಿತ್ತು. ನನಗೆ ಅವಳ ಮೇಲೇ ಸಿಟ್ಟು ಬಂತು. ಒಂದು ಮೂಲೆ ಹೊಲಿದು ಕೊಟ್ಟಿದ್ದರೆ ಏನಾಗುತ್ತಿತ್ತು? ಅಷ್ಟು ಹಟ ಯಾಕೆ? ಕೋಲಿಯೂ ಇಲ್ಲ, ಅಂಗಡಿಯೂ ಇಲ್ಲ. ಇದನ್ನು ಅವಳ ಮುಂದೆಯೇ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ನೀ ಗುಂಡಿ ಒತ್ತಿದ್ದಕ್ಕ ನಾ ಏನರ ಅಂದೆನೇನು? ನನ್ನ ಹಟಕ್ಕ ನೀ ಏನೂ ಅನಬ್ಯಾಡ," ಎಂದಳು. ನಾನು ಎದ್ದು ಬಂದೆ.

ಚೀಟಿಗೆ ಉತ್ತರವೇ ಬರಲಿಲ್ಲ ಎಂದಲ್ಲ. ಮೂವತ್ತೇಳರಲ್ಲಿ ಒಂಬತ್ತು ಮಂದಿ ಬರೆದರು. ನಾಸಿಕದ ಒಬ್ಬ ಮುದುಕಿ, ತನ್ನ ಅತ್ತೆಯೂ ಹೀಗೇ ಭಾಕರಿಯ ಚೂರು ಇಡುತ್ತಿದ್ದಳೆಂದೂ, ತಾನು ಮರೆತೇಬಿಟ್ಟಿದ್ದೆನೆಂದೂ ಕಾರ್ಡು ಹಾಕಿದಳು. ಅವರಲ್ಲಿ ನಾಲ್ವರು ಆ ಚಳಿಗಾಲ ಮುಗಿಯುವುದರೊಳಗೆ ಇನ್ನೊಂದೊಂದು ಕೌದಿ ತರಿಸಿಕೊಂಡರು, ಒಂಬೈನೂರಕ್ಕೇ. ನಾಲ್ಕು ದೊಡ್ಡ ಸಂಖ್ಯೆಯಲ್ಲ, ಗೊತ್ತು. ಆದರೆ ಸೇಲ್ ಕರೆತಂದ ಗಿರಾಕಿಗಳಲ್ಲಿ ಪೂರ್ತಿ ಬೆಲೆ ಕೊಟ್ಟವರು ಆ ನಾಲ್ವರೇ, ಅವರನ್ನು ಮರಳಿ ಕರೆತಂದದ್ದು ಚೀಟಿ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಒಬ್ಬ ಹೆಂಗಸು ವಿಳಾಸದ ಚೀಟಿ ಹಿಡಿದು ಬಾಗಿಲಿಗೆ ಬಂದರು. ಕಂಕುಳಲ್ಲಿ ದೊಡ್ಡ ಚೀಲ. ಹೆಸರು ಪ್ರೇಮಾವತಿ, ಕುಂದಾಪುರದ ಕಡೆಯವರು. ಅವರ ಯಜಮಾನರು ದೇವದಾಸ್ ಚಿಂಚವಾಡದಲ್ಲಿ ಹೋಟೆಲ್ ನಡೆಸುತ್ತಿದ್ದರು. ಚೀಲದಿಂದ ಕೌದಿ ತೆಗೆದರು. ಮೂಲೆ ತೆರೆದೇ ಇತ್ತು.

"ಹೊಲಿಯಲಿಕ್ಕೆ ಬರ್ತದೆ ನನಗೆ, ಆದ್ರೆ ಎಂತ ಇಡುವುದು ಅಂತ ಗೊತ್ತಾಗ್ಲಿಲ್ಲ. ನಮ್ಮಲ್ಲಿ ರೊಟ್ಟಿ ಮಾಡುವುದಿಲ್ಲ ಅಲ್ವಾ. ದೋಸೆ ಆಗ್ತದಾ?"

ಗೌರಕ್ಕ ಎಷ್ಟೋ ತಿಂಗಳ ಮೇಲೆ ಬಾಯಿ ತುಂಬ ನಕ್ಕಳು. "ಆಗತದರಿ. ಒಣಗಿಸಿ ಇಡ್ರಿ, ಇಲ್ಲಂದ್ರ ಇರುವಿ ಮುತ್ತತಾವ."

ಪ್ರೇಮಾವತಿಯವರು ಪರ್ಸಿನಿಂದ ನಾಲ್ಕುನೂರಾ ಐವತ್ತು ರೂಪಾಯಿ ತೆಗೆದು ನೆಲದ ಮೇಲಿಟ್ಟರು. "ಇದು ಉಳಿದ ಆರು ದಿನದ್ದು. ನಾಲ್ಕು ತಿಂಗಳಿಂದ ಹೊದಿಲಿಲ್ಲ ನಾನು, ಮನಸ್ಸು ಬರಲಿಲ್ಲ."

ಗೌರಕ್ಕ ಹಣವನ್ನು ಹಿಂದಕ್ಕೆ ಸರಿಸಿದಳು. "ಬ್ಯಾಡ್ರಿ. ಸೇಲಿನ್ಯಾಗ ಕೊಟ್ಟದ್ದು ಕೊಟ್ಟೆ. ಕಡಿಮಿನೂ ಕೇಳಬ್ಯಾಡ್ರಿ, ಆಮ್ಯಾಲ ಹೆಚ್ಚೂ ಕೊಡಬ್ಯಾಡ್ರಿ. ಇನ್ನೊಂದು ಬೇಕಂದ್ರ ಒಂಬೈನೂರು."

ಆಮೇಲೆ ಗೋಡೆ ಹಿಡಿದು ಚಹದ ಲೋಟ ತಂದ ಹೊಳಬಸಪ್ಪನವರನ್ನು ನೋಡಿ ಪ್ರೇಮಾವತಿಯವರಿಗೆ ನಗು, ಸಂಕಟ ಎರಡೂ ಬಂದವು. "ನಮ್ಮ ಹೋಟೆಲಿನ ಮೇಲೆ ಒಂದು ಹಾಲ್ ಖಾಲಿ ಉಂಟು ಮಾರಾಯ್ತಿ. ಅಲ್ಲಿ ಬಂದು ಹೊಲೀರಿ. ಬಾಡಿಗೆ ಎಂತದೂ ಬೇಡ."

"ಪುಕಟ ಅನ್ನೂದು ಸೇಲಿಗಿಂತಾ ದೊಡ್ಡ ಸೇಲ್ ಆತಲ್ರಿ," ಎಂದಳು ಗೌರಕ್ಕ. ನನ್ನ ಕಡೆ ತಿರುಗಿದಳು. "ಅಷ್ಟ ಅಳತಿ ಜಾಗಾಕ್ಕ ಅಲ್ಲಿ ಬಾಡಿಗಿ ಎಷ್ಟ ನಡದದ?"

"ಸಾವಿರದ ಇನ್ನೂರು ಇರಬೇಕು."

"ಐನೂರು ಕೊಡಿ ಸಾಕು," ಎಂದರು ಪ್ರೇಮಾವತಿ.

"ಸಾವಿರದ ಇನ್ನೂರು."

"ಎಂಟುನೂರು ಮಾಡಿ."

"ಸಾವಿರದ ಇನ್ನೂರು. ಡಿಪಾಜಿಟ್ ಮಾತ್ರ ನಾಕ ತಿಂಗಳ ತುಂಬಾ ಸ್ವಲ್ಪ ಸ್ವಲ್ಪ ಕಟ್ಟತೀನಿ. ಒಪ್ಪಿಗಿ ಇದ್ರ ಹೂಂ ಅನ್ರಿ, ಇಲ್ಲಂದ್ರ ಚಹ ಕುಡದು ಹೋಗ್ರಿ."

ಬಾಡಿಗೆ ಏರಿಸಲು ಚೌಕಾಶಿ ಮಾಡುವವಳನ್ನು ಪ್ರೇಮಾವತಿಯವರು ಜೀವನದಲ್ಲಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅವರು ಹೂಂ ಎಂದರು.

ಯುಗಾದಿಯ ಮರುದಿನ ಹಾಲಿಗೆ ಹೋದೆವು. ದೊಡ್ಡ ಹಾಲ್, ಎರಡು ಕಿಟಕಿ, ಕೆಳಗಿನಿಂದ ಕಾಫಿಯ ವಾಸನೆ. ಎರಡು ಕೌದಿ ಒಟ್ಟಿಗೆ ಹಾಸಿದರೂ ನಡುವೆ ಇಬ್ಬರು ಓಡಾಡುವಷ್ಟು ನೆಲ ಉಳಿದಿತ್ತು. ಗಂಗೂಬಾಯಿ ಕಿಟಕಿಯ ಪಕ್ಕದ ಜಾಗ ಹಿಡಿದಳು. ಹೊಳಬಸಪ್ಪನವರು ಬಟ್ಟೆಯ ಗಂಟು ಹೊತ್ತು ಒಳಗೆ ಬಂದು, ರೂಢಿಯಂತೆ ಗೋಡೆಗೆ ಬೆನ್ನು ಹಚ್ಚಿ ಒಂದೊಂದೇ ಹೆಜ್ಜೆ ಸರಿಯತೊಡಗಿದರು.

ಗೌರಕ್ಕ ಸೂಜಿಯಿಂದ ಕಣ್ಣೆತ್ತಿದಳು.

"ಏನ್ರಿ, ನಡುವ ನಡೀರಿ," ಎಂದಳು. "ಪೂರಾ ಬಾಡಿಗಿ ಕೊಟ್ಟೀವಿ."